ಲಾಗ್ ಸಾಲಿನ ಒಕ್ಕಣೆ

ರಾತ್ರಿ ಒಂದು ಗಂಟೆಗೆ ಇಂದಿರಾನಗರದ 100 ಅಡಿ ರಸ್ತೆಯ ಪಬ್ಬುಗಳು ಬಾಗಿಲು ಹಾಕಿ, ಆಟೊಗಳ ಸದ್ದೂ ಅಡಗಿದ ಮೇಲೆ, ಒಳಗಿನ ಅಡ್ಡರಸ್ತೆಯ ಮನೆಯೊಂದರಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಆ ವಾರದ ಆನ್-ಕಾಲ್ ಪಾಳಿ ಆ ಮನೆಯ ಹುಡುಗಿಯದು. ಎಲ್ಲೋ ಪೇಮೆಂಟ್ ನಿಂತಿದೆ. ನಿದ್ದೆಗಣ್ಣಲ್ಲೇ ಲ್ಯಾಪ್‌ಟಾಪ್ ತೆರೆದು ಸರ್ವರ್‌ನ ಲಾಗ್ ಫೈಲ್ ನೋಡುತ್ತಾಳೆ. ಅಲ್ಲಿರುವುದು ಇಷ್ಟು:

01:42 ಎರರ್ ಪೇಮೆಂಟ್ ಫೇಲ್ಡ್

ಯಾವ 1:42? ರಾತ್ರಿಯದೋ ಮಧ್ಯಾಹ್ನದ್ದೋ? ಬೆಂಗಳೂರಿನ ಗಡಿಯಾರವೋ, ಸಾವಿರಾರು ಮೈಲಿ ದೂರದ ಸರ್ವರ್ ಕೂತಿರುವ ಊರಿನದೋ? ಯಾರ ಪೇಮೆಂಟ್, ಯಾವ ಆರ್ಡರ್? ಇದೇ ತಪ್ಪನ್ನು ಹೀಗೂ ಬರೆದಿಡಬಹುದಿತ್ತು:

2025-11-14 01:42:07.318 +05:30 ಎರರ್ [ವರ್ಕರ್-14] ಪೇಮೆಂಟ್‌ಸರ್ವಿಸ್ ರಿಕ್ವೆಸ್ಟ್=7031 ಆರ್ಡರ್=88213 - ಬ್ಯಾಂಕಿನ ಉತ್ತರ 30 ಸೆಕೆಂಡಿನಲ್ಲಿ ಬರಲಿಲ್ಲ, ಮರುಪ್ರಯತ್ನ 3/3

ಹಲಸೂರಿನಿಂದ ಕೆ.ಆರ್. ಪುರ ದಾಟಿ ವೈಟ್‌ಫೀಲ್ಡ್‌ವರೆಗೆ ಸಾಫ್ಟ್‌ವೇರ್ ಕೆಲಸದವರು ಇರುವ ಯಾವ ಬೀದಿಯಲ್ಲಾದರೂ ನಡೆಯಬಹುದಾದ ದೃಶ್ಯ ಇದು. ಮೊದಲ ಸಾಲು ಕಂಡವರಿಗೆ ಬೆಳಗಿನವರೆಗೆ ಜಾಗರಣೆ. ಎರಡನೆಯದು ಕಂಡವರು ಹದಿನೈದು ನಿಮಿಷದಲ್ಲಿ ಬ್ಯಾಂಕಿನ ಕಡೆಯವರಿಗೆ ವಿಷಯ ಮುಟ್ಟಿಸಿ ಮತ್ತೆ ಮಲಗಬಹುದು. ಎರಡರ ನಡುವಿನ ವ್ಯತ್ಯಾಸದಲ್ಲಿ ಅರ್ಧ ಭಾಗ ಸಂದೇಶ ಬರೆದವರ ಶ್ರದ್ಧೆಯದು. ಉಳಿದರ್ಧ ಕಾನ್ಫಿಗರೇಶನ್ ಫೈಲಿನ ಮೂಲೆಯಲ್ಲಿ ಕೂತಿರುವ ಒಂದೇ ಒಂದು ಸಾಲಿನದು. ಅದನ್ನು ಪ್ಯಾಟರ್ನ್ ಸ್ಟ್ರಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ಸಲ್ಲುವ ಹಳೆಯ ಮಾತು ಒಕ್ಕಣೆ. ಪತ್ರಕ್ಕೆ, ಕ್ರಯಪತ್ರಕ್ಕೆ, ಶಾಸನಕ್ಕೆ ಒಕ್ಕಣೆ ಇರುವ ಹಾಗೆ ಲಾಗ್‌ನ ಪ್ರತಿ ಸಾಲಿಗೂ ಒಂದು ಒಕ್ಕಣೆ ಇರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ, ಯಾವುದಕ್ಕೆ ಎಷ್ಟು ಜಾಗ ಎಂಬುದನ್ನು ನಿಗದಿ ಮಾಡುವುದು ಅದೇ.

ಜಾವಾ ಲೋಕದಲ್ಲಿ ಎಲ್ಲರಿಗೂ ಪರಿಚಿತವಾದ ಒಕ್ಕಣೆಯೊಂದನ್ನು ಅದರ ಇಂಗ್ಲಿಷ್ ಅಕ್ಷರಗಳನ್ನು ಕನ್ನಡಕ್ಕೆ ತಂದು ಬರೆದರೆ ಹೀಗೆ ಕಾಣುತ್ತದೆ: %ಡಿ %-5ಪಿ [%ಟಿ] %ಸಿ - %ಎಂ%ಎನ್. ಶೇಕಡಾ ಚಿಹ್ನೆ ಬಂದ ಕಡೆಯೆಲ್ಲ ಯಂತ್ರ ಒಂದು ವಿವರವನ್ನು ತುಂಬುತ್ತದೆ. ಡಿ ಎಂದರೆ ದಿನಾಂಕ ಮತ್ತು ಹೊತ್ತು, ಪಿ ಎಂದರೆ ಗಾಂಭೀರ್ಯದ ಮಟ್ಟ, ಟಿ ಎಂದರೆ ಥ್ರೆಡ್, ಸಿ ಎಂದರೆ ಸಾಲು ಬರೆದ ಭಾಗದ ಹೆಸರು, ಎಂ ಎಂದರೆ ಸಂದೇಶ, ಎನ್ ಎಂದರೆ ಹೊಸ ಸಾಲು. ನಡುವೆ ಇರುವ -5 ಕೂಡ ಸುಮ್ಮನೆ ಬಂದದ್ದಲ್ಲ. ಇಂಗ್ಲಿಷಿನಲ್ಲಿ ಡೀಬಗ್, ಎರರ್ ಪದಗಳಿಗೆ ಐದೈದು ಅಕ್ಷರ. ಇನ್ಫೊ, ವಾರ್ನ್ ಪದಗಳಿಗೆ ನಾಲ್ಕು ನಾಲ್ಕು. ಎಲ್ಲಕ್ಕೂ ಐದು ಅಕ್ಷರದ ಜಾಗ ಬಿಟ್ಟು ಎಡಕ್ಕೆ ಒತ್ತಿದರೆ ಮುಂದಿನ ಅಂಕಣಗಳು ನೂಲು ಹಿಡಿದ ಹಾಗೆ ನೇರ ನಿಲ್ಲುತ್ತವೆ. ಸಾವಿರ ಸಾಲುಗಳ ಮೇಲೆ ಕಣ್ಣು ಜಾರಿಸುವಾಗ ಎರರ್ ಇರುವ ಸಾಲು ತಾನಾಗಿ ಎದ್ದು ಕಾಣುವುದು ಈ ಒಂದು ಅಂಕೆಯಿಂದ.

ಇದರ ಬೇರು ಹಳೆಯದು. 1957ರ ಫೋರ್ಟ್ರಾನ್‌ನಲ್ಲೇ ಮುದ್ರಣದ ಅಂಕಣಗಳನ್ನು ನಿಗದಿ ಮಾಡುವ ಫಾರ್ಮ್ಯಾಟ್ ಹೇಳಿಕೆ ಇತ್ತು. ಸಿ ಭಾಷೆಯ ಪ್ರಿಂಟ್‌ಎಫ್ ಶೇಕಡಾ ಚಿಹ್ನೆಯನ್ನು ಮನೆಮಾತು ಮಾಡಿತು. ಚೆಕಿ ಗುಲ್ಚು ಎಂಬ ಇಂಜಿನಿಯರ್ ಹುಟ್ಟುಹಾಕಿದ ಲಾಗ್‌4ಜೆ ಎಂಬ ಲೈಬ್ರರಿ ಅದೇ ಪದ್ಧತಿಯನ್ನು ಜಾವಾಕ್ಕೆ ತಂದಿತು. ಮುಂದೆ 1.2ನೇ ಆವೃತ್ತಿಯಲ್ಲಿ ಪ್ರಯಾರಿಟಿ ಹೋಗಿ ಲೆವೆಲ್ ಆಯಿತು, ಕ್ಯಾಟಗರಿ ಹೋಗಿ ಲಾಗರ್ ಆಯಿತು. ಆದರೆ ಒಕ್ಕಣೆಯ ಪಿ ಮತ್ತು ಸಿ ಹಾಗೇ ಉಳಿದವು. ಇವತ್ತು ಕೆಲಸಕ್ಕೆ ಸೇರಿದ ಹುಡುಗರಿಗೆ ಲೆವೆಲ್‌ಗೆ ಪಿ ಯಾಕೆ ಎಂಬುದು ಗೊತ್ತಿರುವುದಿಲ್ಲ, ಹೇಳುವವರೂ ಕಡಿಮೆ. ಒಂದು ಪ್ರಾಜೆಕ್ಟಿನಿಂದ ಇನ್ನೊಂದಕ್ಕೆ ನಕಲಾಗುತ್ತ, ಯಾರೂ ಓದದೆ, ಯಾರೂ ಪ್ರಶ್ನಿಸದೆ ಆ ಸಾಲು ಸಾಗುತ್ತದೆ. ಈ ಲೇಖನದ ತಕರಾರು ಇರುವುದು ಅಲ್ಲೇ. ಲಾಗ್‌ನ ಒಕ್ಕಣೆ ನಕಲು ಮಾಡಿ ಮರೆಯುವ ವಸ್ತುವಲ್ಲ. ಡೇಟಾಬೇಸ್‌ನ ವಿನ್ಯಾಸಕ್ಕೆ ಕೊಡುವಷ್ಟೇ ಗಮನ ಕೊಟ್ಟು, ಓದುವವರನ್ನು ಮುಂದೆ ಕೂರಿಸಿಕೊಂಡು ತೀರ್ಮಾನಿಸಬೇಕಾದ ಸಂಗತಿ ಅದು.

ಬೆಂಗಳೂರಿಗೆ ಈ ಮಾತು ಉಳಿದ ಊರುಗಳಿಗಿಂತ ಹೆಚ್ಚು ತಟ್ಟಬೇಕು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಕಚೇರಿ ತೆರೆದಾಗ, ಉಪಗ್ರಹ ಸಂಪರ್ಕದ ಡಿಶ್ ಆಂಟೆನಾವನ್ನು ಎತ್ತಿನ ಗಾಡಿಯಲ್ಲಿ ತಂದದ್ದನ್ನು ಊರಿನ ಹಳಬರು ಇನ್ನೂ ಹೇಳುತ್ತಾರೆ. ಅಂದಿನಿಂದ ಈ ಊರಿನ ಕಸುಬಿನಲ್ಲಿ ಒಂದು ದೊಡ್ಡ ಪಾಲು, ದೂರದ ಯಂತ್ರಗಳು ಬರೆದದ್ದನ್ನು ಇಲ್ಲಿ ಕೂತು ಓದುವುದೇ ಆಗಿದೆ. ಸರ್ವರ್ ಒಂದು ಖಂಡದಲ್ಲಿ, ಬಳಸುವವರು ಇನ್ನೊಂದರಲ್ಲಿ, ಓದುವವರು ಹಲಸೂರಿನಲ್ಲಿ. ಎದುರಿಗೆ ಹೋಗಿ ಯಂತ್ರವನ್ನು ಮುಟ್ಟಿ ನೋಡುವ ಅವಕಾಶ ಇಲ್ಲದವರಿಗೆ ಆ ಸಾಲೇ ಕಣ್ಣು, ಆ ಸಾಲೇ ಕಿವಿ.

ಹೊತ್ತಿನ ವಿಷಯವನ್ನೇ ತೆಗೆದುಕೊಳ್ಳಿ. ದಂಡಿನ ನಿಲ್ದಾಣಕ್ಕೆ 1864ರಲ್ಲಿ ಜೋಲಾರಪೇಟೆಯಿಂದ ರೈಲು ಬಂತು. ಮುಂದೆ ರೈಲು ಓಡಿದ್ದು ಮದ್ರಾಸಿನ ಗಡಿಯಾರದ ಮೇಲೆ. ಸೂರ್ಯನ ಲೆಕ್ಕದಲ್ಲಿ ಬೆಂಗಳೂರು ಮದ್ರಾಸಿಗಿಂತ ಸುಮಾರು 11 ನಿಮಿಷ ಹಿಂದೆ. ದೇಶಕ್ಕೆಲ್ಲ ಒಂದೇ ಪ್ರಮಾಣ ಕಾಲ ಬಂದದ್ದು 1906ರ ಜನವರಿ 1ರಿಂದ. ಅದಕ್ಕೆ ಮುಂಚಿನ ಕಾಗದದಲ್ಲಿ 'ಬೆಳಿಗ್ಗೆ 9 ಗಂಟೆ' ಎಂದಿದ್ದರೆ ಯಾರ 9 ಗಂಟೆ ಎಂದು ಕೇಳಲೇಬೇಕು. ಆ ಪ್ರಶ್ನೆ ಸರ್ವರ್‌ಗಳ ಜೊತೆ ಮರಳಿ ಬಂದಿದೆ. ನ್ಯೂಯಾರ್ಕಿನ ಸ್ಥಳೀಯ ಕಾಲದಲ್ಲಿ ಬರೆಯುವ ಸರ್ವರ್ ಇದೆ ಎಂದುಕೊಳ್ಳಿ. ನವೆಂಬರಿನ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಬೆಂಗಳೂರಿನಲ್ಲಿ ಬೆಳಿಗ್ಗೆ 11 ಗಂಟೆಯಾದಾಗ ಲಾಗ್ 1:30 ಎನ್ನುತ್ತದೆ. ಮಧ್ಯಾಹ್ನ 12 ಗಂಟೆಗೆ ಮತ್ತೆ 1:30 ಎನ್ನುತ್ತದೆ. ಒಂದಿಡೀ ಗಂಟೆಯ ಘಟನೆಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಐಎಸ್‌ಟಿ ಎಂದು ಬರೆದರೆ ಸಾಕು ಎನ್ನುವವರೂ ಇದ್ದಾರೆ. ಇಸ್ರೇಲಿನವರೂ ಐರ್ಲೆಂಡಿನವರೂ ತಮ್ಮ ಕಾಲಕ್ಕೆ ಅದೇ ಮೂರಕ್ಷರ ಬಳಸುತ್ತಾರೆ. +05:30 ಎಂದು ಬರೆದರೆ ಮಾತ್ರ ಯಾರಿಗೂ ಗೊಂದಲವಿಲ್ಲ.

ಒಕ್ಕಣೆಯ ಒಂದು ಅಕ್ಷರ ದೊಡ್ಡದೋ ಚಿಕ್ಕದೋ ಎಂಬುದರ ಮೇಲೂ ಎಷ್ಟೋ ನಿಂತಿದೆ. ಜಾವಾದಲ್ಲಿ ದೊಡ್ಡ ಎಚ್ ಬರೆದರೆ 24 ಗಂಟೆಯ ಲೆಕ್ಕ, ಚಿಕ್ಕ ಎಚ್ ಬರೆದರೆ 12 ಗಂಟೆಯದು. ದೊಡ್ಡ ಎಂ ತಿಂಗಳು, ಚಿಕ್ಕ ಎಂ ನಿಮಿಷ. ಎಲ್ಲಕ್ಕಿಂತ ಮೋಸದ್ದು ವೈ. ಚಿಕ್ಕ ವೈ ನಾವು ಬಲ್ಲ ವರ್ಷ. ದೊಡ್ಡ ವೈ ವಾರಗಳನ್ನು ಎಣಿಸುವ ವರ್ಷ. ವರ್ಷದ ಬಹುಪಾಲು ಎರಡೂ ಒಂದೇ ಉತ್ತರ ಕೊಡುತ್ತವೆ. ಡಿಸೆಂಬರಿನ ಕೊನೆಯ ಕೆಲವು ದಿನಗಳಲ್ಲಿ ದೊಡ್ಡ ವೈ ಮುಂದಿನ ವರ್ಷವನ್ನು ತೋರಿಸಿಬಿಡಬಹುದು. 2014ರ ಡಿಸೆಂಬರ್ 29ರಂದು ಟ್ವಿಟರ್ ಸರ್ವರ್‌ಗಳು ವರ್ಷವನ್ನು 2015 ಎಂದು ಹೇಳಿ, ಆಂಡ್ರಾಯ್ಡ್ ಬಳಕೆದಾರರು ಖಾತೆಯಿಂದ ಹೊರಬಿದ್ದ ಪ್ರಸಂಗ ಇಂಥ ಎಣಿಕೆಯ ನೆನಪು ತರುತ್ತದೆ. ಪರೀಕ್ಷೆಯಲ್ಲಿ ಸಿಗದೆ, ಅರ್ಧ ಕಚೇರಿ ರಜೆಯಲ್ಲಿರುವ ವಾರದಲ್ಲೇ ತಲೆ ಎತ್ತುವ ತಪ್ಪು ಅದು.

ದಿನಾಂಕವನ್ನು ಹೇಗೆ ಬರೆಯಬೇಕೆಂದು ಈ ನಾಡಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಇಂದಿರಾನಗರದ ಪಕ್ಕದ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ 13ನೇ ಶತಮಾನದ ತಮಿಳು ಶಾಸನಗಳಿವೆ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು. ಈಚೆಗೆ ಮಿಥಿಕ್ ಸೊಸೈಟಿ ನಗರದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಕೈಗೆತ್ತಿಕೊಂಡಿದೆ. ಕನ್ನಡ ಶಾಸನಗಳನ್ನು ಓದಿದವರಿಗೆ ಅವುಗಳ ಒಕ್ಕಣೆ ಗೊತ್ತು: ಮಂಗಳದ ಮಾತು, ಆಳುವ ಅರಸ, ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ದಾನ ಕೊಟ್ಟವರು, ಕೊಟ್ಟ ಭೂಮಿ ಮತ್ತು ಅದರ ಎಲ್ಲೆ, ಕೊನೆಗೆ ಅದನ್ನು ಕೆಡಿಸಿದವರಿಗೆ ಶಾಪ. ಶಕವರ್ಷ ಬರೆದ ಮೇಲೂ ಸಂವತ್ಸರದ ಹೆಸರು, ಅದರ ಮೇಲೆ ವಾರ ಯಾಕೆ? ಒಂದನ್ನು ಇನ್ನೊಂದರ ಜೊತೆ ತಾಳೆ ನೋಡಬಹುದು ಎಂಬ ಅನುಕೂಲ ಅದರಲ್ಲಿದೆ. ಕಂಡರಿಸಿದವನು ಶಕವರ್ಷದಲ್ಲಿ ಒಂದು ಅಂಕೆ ತಪ್ಪಿದರೆ ಸಂವತ್ಸರ ಅದನ್ನು ಹಿಡಿದುಕೊಡುತ್ತದೆ. ಕಾಲವನ್ನೇ ಹೇಳದ ಶಾಸನಗಳ ವಿಷಯದಲ್ಲಿ ವಿದ್ವಾಂಸರು ಲಿಪಿಯ ಆಕಾರ ನೋಡಿ ಶತಮಾನವನ್ನು ಅಂದಾಜು ಮಾಡಬೇಕು. ದಿನಾಂಕವಿಲ್ಲದ 01:42 ಎಂಬ ಸಾಲಿನ ಮುಂದೆ ಕೂತ ಇಂಜಿನಿಯರ್ ಪಾಡೂ ಅದೇ. ಲಾಗ್ ಸಾಲಿಗೆ ರಿಕ್ವೆಸ್ಟ್ ಸಂಖ್ಯೆಯನ್ನೂ ಥ್ರೆಡ್ ಹೆಸರನ್ನೂ ಸೇರಿಸುವುದು ಇಂಥ ತಾಳೆಗಾಗಿಯೇ. ಐದು ಸರ್ವರ್‌ಗಳಲ್ಲಿ ಹರಿದು ಹಂಚಿಹೋದ ಒಂದೇ ವ್ಯವಹಾರದ ಜಾಡನ್ನು ಹೊಲಿದು ಕೊಡುವ ದಾರ ಆ ಸಂಖ್ಯೆ.

ಕನ್ನಡದ ಹೆಸರುಗಳು ಲಾಗ್‌ಗೆ ಬಂದಾಗ ಒಕ್ಕಣೆಯ ಇನ್ನೊಂದು ಮುಖ ಕಾಣುತ್ತದೆ. ವಿಳಾಸವನ್ನು ಕನ್ನಡದಲ್ಲೇ ತೆಗೆದುಕೊಳ್ಳುವ ಆ್ಯಪ್ ಒಂದು ಬಡಾವಣೆಯ ಹೆಸರನ್ನು ಲಾಗ್‌ನಲ್ಲಿ ಬರೆಯುತ್ತದೆ ಎನ್ನಿ. ಇಂದಿರಾನಗರ, ಶಿವಾಜಿನಗರ, ಕೃಷ್ಣರಾಜಪುರ: ಮೂರಕ್ಕೂ ನಮ್ಮ ಕಣ್ಣಿಗೆ ಆರಾರು ಅಕ್ಷರ. ಯುನಿಕೋಡ್‌ನ ಎಣಿಕೆ ಬೇರೆ. ಅದು ಸ್ವರಚಿಹ್ನೆ, ಅನುಸ್ವಾರ, ಅರ್ಧಾಕ್ಷರದ ಕೊಂಡಿ ಎಲ್ಲವನ್ನೂ ಬಿಡಿ ಬಿಡಿಯಾಗಿ ಲೆಕ್ಕ ಹಾಕುತ್ತದೆ. ಇಂದಿರಾನಗರಕ್ಕೆ 9, ಶಿವಾಜಿನಗರಕ್ಕೆ 9, ಕೃಷ್ಣರಾಜಪುರಕ್ಕೆ 11. ಹನ್ನೆರಡು ಜಾಗದ ಅಂಕಣ ಕೊಟ್ಟರೆ ಒಂದಕ್ಕೆ ಮೂರು, ಇನ್ನೊಂದಕ್ಕೆ ಒಂದೇ ಖಾಲಿ ಜಾಗ ಸೇರುತ್ತದೆ. ಅಂಕಣ ವಕ್ರವಾಗುತ್ತದೆ. ಇದಾದರೂ ಸಹಿಸಬಹುದು. ಗರಿಷ್ಠ ಹತ್ತು ಎಂದು ಮಿತಿ ಹಾಕಿದರೆ ಲಾಗ್‌4ಜೆ ಹೆಸರಿನ ಮುಂಭಾಗವನ್ನು ಕತ್ತರಿಸುತ್ತದೆ. ಪ್ರಿಂಟ್‌ಎಫ್ ಹಿಂಭಾಗವನ್ನು ಕತ್ತರಿಸುವುದಕ್ಕೆ ಇದು ತದ್ವಿರುದ್ಧ. ಆಗ ಕೃಷ್ಣರಾಜಪುರದ ಮೊದಲ 'ಕ' ಹೋಗಿ, ಅದರ ವಟ್ರಸುಳಿ ಮಾತ್ರ ಉಳಿದು, ಪರದೆಯ ಮೇಲೆ ಚುಕ್ಕಿಗಳ ವೃತ್ತಕ್ಕೆ ಅಂಟಿಕೊಂಡು ತಬ್ಬಲಿಯಂತೆ ನಿಲ್ಲುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಇಂಗ್ಲಿಷಿನಲ್ಲಿ 11 ಬೈಟ್ ಹಿಡಿಯುವ ಇಂದಿರಾನಗರ ಕನ್ನಡದಲ್ಲಿ 27 ಬೈಟ್ ಹಿಡಿಯುತ್ತದೆ. ಎನ್‌ಕೋಡಿಂಗ್ ಹೇಳದೆ ಬಿಟ್ಟರಂತೂ ಇಡೀ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಬಹುದು. 2022ರ ಜಾವಾ 18ನೇ ಆವೃತ್ತಿಯಲ್ಲಷ್ಟೇ ಯುಟಿಎಫ್-8 ಎಲ್ಲ ಕಡೆ ತಾನಾಗಿ ಅನ್ವಯವಾಗುವ ಪದ್ಧತಿಯಾಯಿತು. ಆದ್ದರಿಂದ ಕನ್ನಡ ಪಠ್ಯಕ್ಕೆ ಅಂಕಣದ ಅಗಲವನ್ನು ಹೇರಬಾರದು. ಅದನ್ನು ಸಾಲಿನ ಕೊನೆಗೆ ಇಟ್ಟು ಪೂರ್ತಿ ಬರೆಯಲು ಬಿಡಬೇಕು. ಲಾಗ್‌ನಲ್ಲಿ ಕನ್ನಡ ಕೆಡುತ್ತದೆ ಎಂಬ ನೆಪದಿಂದ ಹೆಸರನ್ನು ಇಂಗ್ಲಿಷಿನಲ್ಲೇ ತೆಗೆದುಕೊಳ್ಳೋಣ ಎನ್ನುವ ತೀರ್ಮಾನ ಸೋಮಾರಿತನದ್ದು. ಕೆಟ್ಟಿರುವುದು ಒಕ್ಕಣೆ, ಭಾಷೆಯಲ್ಲ.

ಇಷ್ಟು ಹೊತ್ತು ಹೇಳಿದ್ದು ಅನನುಕೂಲದ ಮಾತು. ಒಕ್ಕಣೆ ಅಪಾಯಕ್ಕೂ ಬಾಗಿಲು ತೆರೆಯಬಲ್ಲದು ಎಂಬುದನ್ನು ಜಗತ್ತು 2021ರ ಡಿಸೆಂಬರಿನಲ್ಲಿ ಕಂಡಿತು. ಲಾಗ್‌4ಜೆಯ ಎರಡನೇ ಪೀಳಿಗೆಯಲ್ಲಿ ಒಂದು ಸೌಲಭ್ಯವಿತ್ತು. ಡಾಲರ್ ಚಿಹ್ನೆ ಹಾಕಿ ಆವರಣದೊಳಗೆ ಏನಾದರೂ ಬರೆದರೆ ಅದರ ಜಾಗದಲ್ಲಿ ಬೇರೆಡೆಯಿಂದ ಬೆಲೆ ಹುಡುಕಿ ತಂದು ತುಂಬುವುದು. ಒಕ್ಕಣೆಯಲ್ಲಿ ಅದು ಉಪಯುಕ್ತವೇ. ಆದರೆ ಲೈಬ್ರರಿ ಆ ಹುಡುಕಾಟವನ್ನು ಒಕ್ಕಣೆಗಷ್ಟೇ ಸೀಮಿತಗೊಳಿಸದೆ, ಒಕ್ಕಣೆಯೊಳಗೆ ಬಂದು ಕೂರುವ ಸಂದೇಶಕ್ಕೂ ಅನ್ವಯಿಸುತ್ತಿತ್ತು. ಸಂದೇಶದಲ್ಲಿ ಏನಿರುತ್ತದೆ? ಬಳಕೆದಾರ ಟೈಪ್ ಮಾಡಿದ ಹೆಸರು, ಹುಡುಕಿದ ಪದ, ಚಾಟ್‌ನ ಮಾತು. ಜೆಎನ್‌ಡಿಐ ಎಂಬ ಜಾವಾ ಸೌಲಭ್ಯದ ಮೂಲಕ ಹೊರಗಿನ ಸರ್ವರ್‌ನಿಂದ ಕೋಡ್ ತರಿಸುವಂಥ ಒಂದು ಸಣ್ಣ ವಾಕ್ಯವನ್ನು ಯಾರಾದರೂ ಲಾಗಿನ್ ಪೆಟ್ಟಿಗೆಯಲ್ಲಿ ಬರೆದರೆ ಸಾಕು, ಲಾಗ್ ಬರೆಯಲು ಹೋದ ಸರ್ವರ್ ತಾನೇ ಆ ಕೋಡ್ ತಂದು ನಡೆಸಿಬಿಡುತ್ತಿತ್ತು. ಮೈನ್‌ಕ್ರಾಫ್ಟ್ ಆಟದ ಚಾಟ್‌ನಲ್ಲೂ ಅದು ಕೆಲಸ ಮಾಡಿತು. 2013ರಲ್ಲಿ ಸೇರಿದ ಸೌಲಭ್ಯದ ಈ ಅಪಾಯ ಎಂಟು ವರ್ಷ ಹೆಚ್ಚಿನವರ ಕಣ್ಣಿಗೆ ಬಿದ್ದಿರಲಿಲ್ಲ. ಅಲಿಬಾಬಾ ಕ್ಲೌಡ್‌ನ ಭದ್ರತಾ ತಂಡ ನವೆಂಬರಿನಲ್ಲಿ ಅದನ್ನು ಲಾಗ್‌4ಜೆಯನ್ನು ನೋಡಿಕೊಳ್ಳುವ ಅಪಾಚಿ ಸಂಸ್ಥೆಗೆ ವರದಿ ಮಾಡಿತು. ಡಿಸೆಂಬರ್ 9ರಂದು ಜಗಜ್ಜಾಹೀರಾಯಿತು. ಗಂಭೀರತೆಯ ಅಳತೆಯಲ್ಲಿ ಹತ್ತಕ್ಕೆ ಹತ್ತು.

ಮುಂದೆ ನಡೆದದ್ದು ಒಕ್ಕಣೆಯ ಕತೆಯೇ. ಎಲ್ಲರೂ ಮೊದಲು ಹಿಡಿದ ಉಪಾಯಗಳಲ್ಲಿ ಒಂದು, ಪ್ಯಾಟರ್ನ್‌ನ %ಎಂ ಪಕ್ಕ 'ನೋಲುಕಪ್ಸ್' ಎಂದು ಸೇರಿಸುವುದು. ಸಂದೇಶದೊಳಗೆ ಹುಡುಕಬೇಡ ಎಂದು ಅರ್ಥ. 2.15.0 ಆವೃತ್ತಿ ಆ ಹುಡುಕಾಟವನ್ನು ತಾನಾಗಿ ನಿಲ್ಲಿಸಿತು. ಆದರೂ ತೂತು ಮುಚ್ಚಲಿಲ್ಲ. ಬಳಕೆದಾರರ ಗುರುತನ್ನು ಪ್ರತಿ ಸಾಲಿನಲ್ಲೂ ತೋರಿಸಬೇಕೆಂದು ಒಕ್ಕಣೆಯಲ್ಲಿ ಕಾಂಟೆಕ್ಸ್ಟ್ ಹುಡುಕಾಟ ಬರೆದುಕೊಂಡಿದ್ದ ತಂಡಗಳಲ್ಲಿ ಅದೇ ದಾಳಿ ಇನ್ನೊಂದು ದಾರಿಯಿಂದ ಒಳಬರಬಹುದು ಎಂದು ಕೆಲವೇ ದಿನಗಳಲ್ಲಿ ಗೊತ್ತಾಯಿತು. 2.16.0 ಬಂತು, ಅದರ ಹಿಂದೆಯೇ 2.17.0. ಆ ಡಿಸೆಂಬರಿನಲ್ಲಿ ಪ್ರತಿ ತಂಡದ ಮುಂದೆಯೂ ಎರಡು ಪ್ರಶ್ನೆಗಳಿದ್ದವು: ನಮ್ಮಲ್ಲಿ ಲಾಗ್‌4ಜೆ ಎಲ್ಲೆಲ್ಲಿದೆ? ನಮ್ಮ ಪ್ಯಾಟರ್ನ್ ಸಾಲು ಏನು? ಒಕ್ಕಣೆಯನ್ನು ಓದಿ ಗೊತ್ತಿದ್ದವರಿಗೆ ಎರಡನೆಯದಕ್ಕೆ ಉತ್ತರ ಕೈಯಲ್ಲೇ ಇತ್ತು. ನಕಲು ಮಾಡಿ ಮರೆತಿದ್ದವರು ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಬೇಕಾಯಿತು.

ಹೊರಗಿನಿಂದ ಬಂದ ಪಠ್ಯವನ್ನು ನಂಬಬಾರದು ಎಂಬ ಪಾಠ ಅದಕ್ಕೆ ಮೊದಲೂ ಇತ್ತು. ಹೆಸರಿನ ನಡುವೆ ಹೊಸ ಸಾಲಿನ ಚಿಹ್ನೆ ತುರುಕಿದರೆ ಲಾಗ್‌ನಲ್ಲಿ ನಡೆಯದ ಘಟನೆಯ ಸುಳ್ಳು ಸಾಲು ಹುಟ್ಟಿಸಬಹುದು. ಅಂಥ ಚಿಹ್ನೆಗಳನ್ನು ನಿರುಪದ್ರವಿ ಮಾಡುವ ವ್ಯವಸ್ಥೆ ಲಾಗ್‌4ಜೆಯ ಒಕ್ಕಣೆಯಲ್ಲೇ ಇದೆ, ಬಳಸುವವರು ಬೆರಳೆಣಿಕೆಯಷ್ಟು. ಇನ್ನು ಗುಟ್ಟುಗಳ ಮಾತು. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿಗೂ ಮಿಕ್ಕ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳಲು ಹೇಳಿತು. ಕಾರಣ, ಮರೆಮಾಚುವ ಮೊದಲೇ ಪಾಸ್‌ವರ್ಡ್‌ಗಳು ಒಳಗಿನ ಲಾಗ್ ಒಂದರಲ್ಲಿ ಹಾಗೇ ಬರೆದುಹೋಗಿದ್ದವು. ಭಾರತದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಭದ್ರತೆಯಲ್ಲಿ ಎಡವಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಫೋನ್ ನಂಬರ್, ಆಧಾರ್ ಸಂಖ್ಯೆಗಳನ್ನು ಒಕ್ಕಣೆಯಲ್ಲೇ ನಕ್ಷತ್ರಗಳಿಂದ ಮುಚ್ಚಬಹುದು. ಅದಕ್ಕಿಂತ ಮೇಲು, ಅವು ಲಾಗ್‌ವರೆಗೆ ಬರದಂತೆ ಮೊದಲೇ ತಡೆಯುವುದು.

ಲಾಗ್ ಈಗ ತಂಡದ ಖಾಸಗಿ ಟಿಪ್ಪಣಿಯಾಗಿ ಉಳಿದಿಲ್ಲ. ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಾಡಬೇಕು, ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕಾಲ ಸರ್ವರ್‌ಗಳಿಗೆ ಹೊಂದಿಸಿಕೊಳ್ಳಬೇಕು. ನೂರ ಎಂಬತ್ತು ದಿನ ಜೋಪಾನ ಮಾಡಿದ ಫೈಲಿನಲ್ಲಿ ತಾರೀಕೇ ಇಲ್ಲದಿದ್ದರೆ ಆ ಜೋಪಾನಕ್ಕೆ ಏನು ಬೆಲೆ?

ಕಾಲ ಬದಲಾಗಿದೆ, ಈಗ ಎಲ್ಲರೂ ಜೇಸನ್ ರೂಪದಲ್ಲಿ ಬರೆಯುತ್ತಾರೆ, ಶೇಕಡಾ ಚಿಹ್ನೆಯ ಒಕ್ಕಣೆ ಹಳತಾಯಿತು ಎಂಬ ವಾದವೊಂದಿದೆ. ಅದರಲ್ಲಿ ಹುರುಳಿದೆ. ನೂರಾರು ಸರ್ವರ್‌ಗಳ ಲಾಗ್ ಒಂದೆಡೆ ಸೇರಿ ಯಂತ್ರವೇ ಹುಡುಕುವ ಕಡೆ, ಪ್ರತಿ ವಿವರಕ್ಕೂ ಹೆಸರಿರುವ ಜೇಸನ್ ಸಾಲು ಖಂಡಿತ ಉತ್ತಮ. ಹೊಸ ಸಾಲಿನ ಮೋಸವೂ ಅಲ್ಲಿ ನಡೆಯುವುದಿಲ್ಲ. ಆದರೆ ಯಾವ ವಿವರ ಇರಬೇಕು, ಹೊತ್ತು ಯಾವ ರೂಪದಲ್ಲಿರಬೇಕು, ಯಾವುದು ಬರಲೇಬಾರದು ಎಂಬ ಪ್ರಶ್ನೆಗಳಿಗೆ ಜೇಸನ್ ಉತ್ತರಿಸುವುದಿಲ್ಲ. ದಿನಾಂಕವಿಲ್ಲದ ಜೇಸನ್ ಕೂಡ ದಿನಾಂಕವಿಲ್ಲದ್ದೇ. ಹಾಗೆಂದು ಎಲ್ಲವನ್ನೂ ತುಂಬುವುದೂ ಸರಿಯಲ್ಲ. ಸಾಲು ಬರೆದ ಫೈಲು ಮತ್ತು ಸಾಲಿನ ಸಂಖ್ಯೆಯನ್ನು ಒಕ್ಕಣೆಯಲ್ಲಿ ಕೇಳಿದರೆ, ಯಂತ್ರ ಪ್ರತಿ ಸಲ ಕರೆಗಳ ಅಟ್ಟಣೆಯನ್ನು ಕೆದಕಿ ನೋಡಬೇಕು. ಅದು ದುಬಾರಿ ಎಂದು ಲಾಗ್‌4ಜೆಯ ಕೈಪಿಡಿಯೇ ಎಚ್ಚರಿಸುತ್ತದೆ. ಡೆವಲಪರ್‌ನ ಲ್ಯಾಪ್‌ಟಾಪಿನಲ್ಲಿ ಅದು ಇರಲಿ, ಜನ ಬಳಸುವ ಸರ್ವರ್‌ನಲ್ಲಿ ಬೇಡ.

ಈ ಲೇಖನ ಓದುತ್ತಿರುವವರು ಸಾಫ್ಟ್‌ವೇರ್ ತಂಡವೊಂದರಲ್ಲಿದ್ದರೆ ಒಂದು ಕೋರಿಕೆ. ಈ ವಾರ ಒಂದರ್ಧ ಗಂಟೆ ಬಿಡುವು ಮಾಡಿಕೊಂಡು ಆ ಕಾನ್ಫಿಗರೇಶನ್ ಫೈಲ್ ತೆರೆಯಿರಿ. ತಂಡಕ್ಕೆ ಹೊಸದಾಗಿ ಸೇರಿದವರ ಕೈಗೆ ಹಿಂದಿನ ರಾತ್ರಿಯ ಒಂದು ಎರರ್ ಸಾಲನ್ನು ಕೊಟ್ಟು, ಯಾವಾಗ, ಎಲ್ಲಿ, ಯಾರ ವ್ಯವಹಾರದಲ್ಲಿ, ಏನಾಯಿತು ಎಂದು ಕೇಳಿ. ಅವರು ಬೇರೆ ಯಾರನ್ನೂ ಕೇಳದೆ ಉತ್ತರಿಸಲಾರದ ಪ್ರಶ್ನೆ ಯಾವುದೋ, ಅದಕ್ಕೆ ಆ ಪ್ಯಾಟರ್ನ್ ಸಾಲಿನಲ್ಲಿ ಜಾಗ ಮಾಡಿಕೊಡಿ.